ಕರುಳಿನ ಕ್ಯಾನ್ಸರ್: ಮೈಕ್ರೋಆರ್‌ಎನ್‌ಎ ಟೆಸ್ಟ್ ಮಾಡಿಸಿದರೆ ಮುಂದೇನಾಗುತ್ತೆ ಅಂತ ಗೊತ್ತಾಗುತ್ತಾ?

ನೇತ್ರಾವತಿ_ದಡ

ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 64 ವರ್ಷ. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ ಇತ್ತು, ಆಪರೇಷನ್ ಮಾಡಿ ತೆಗೆದಿದ್ದಾರೆ. ರಿಪೋರ್ಟಿನಲ್ಲಿ ಟಿ3 ಎನ್0 ಅಂತ ಇದೆ. 16 ಲಿಂಫ್ ನೋಡ್ (ದುಗ್ಧಗ್ರಂಥಿ) ನೋಡಿದ್ದಾರೆ, ಯಾವುದರಲ್ಲೂ ಕ್ಯಾನ್ಸರ್ ಇಲ್ಲ. ಸ್ಟೇಜ್ 2 ಅಂದರು. ಕೀಮೋ ಬೇಕಾ ಬೇಡ್ವಾ ಅನ್ನೋದನ್ನು ಇನ್ನೊಂದು ರಿಪೋರ್ಟ್ ಬಂದ ಮೇಲೆ ಹೇಳುತ್ತಾರಂತೆ.

ಈ ಮಧ್ಯೆ ಒಂದು ಖಾಸಗಿ ಲ್ಯಾಬಿನವರು ಫೋನ್ ಮಾಡಿದ್ದರು. ರಕ್ತ ಕೊಟ್ಟರೆ ಸಾಕು, ಮೈಕ್ರೋಆರ್‌ಎನ್‌ಎ ಪ್ಯಾನೆಲ್ (ಹಲವನ್ನು ಒಟ್ಟಿಗೆ ಅಳೆಯುವ ಟೆಸ್ಟ್) ಮಾಡಿ ಕ್ಯಾನ್ಸರ್ ವಾಪಸ್ ಬರುತ್ತಾ ಇಲ್ವಾ ಅಂತ ಹೇಳುತ್ತಾರಂತೆ. ದುಡ್ಡು ಜಾಸ್ತಿ. ಆದರೂ ಅಣ್ಣ "ಮಾಡಿಸಿಬಿಡೋಣ, ಮನಸ್ಸಿಗೆ ಸಮಾಧಾನ" ಅಂತಿದ್ದಾನೆ. ಈ ಟೆಸ್ಟ್ ನಿಜವಾಗಿ ಏನು ಹೇಳುತ್ತೆ? ಗೊತ್ತಿರೋರು ದಯವಿಟ್ಟು ತಿಳಿಸಿ.

ಎಳೆ_ಆರ್‌ಎನ್‌ಎ

ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಮಾಲಿಕ್ಯುಲರ್ ಬಯಾಲಜಿ ಓದಿ ಅದರಲ್ಲೇ ಕೆಲಸ ಮಾಡೋನು. ಚಿಕಿತ್ಸೆ ವಿಷಯ ಡಾಕ್ಟ್ರು ಹೇಳಲಿ. ಮೈಕ್ರೋಆರ್‌ಎನ್‌ಎ ಅಂದರೆ ಏನು, ಅದಕ್ಕೂ ಕರುಳಿನ ಕ್ಯಾನ್ಸರ್‌ಗೂ ಏನು ಸಂಬಂಧ ಅನ್ನೋದನ್ನು ನಾನು ಹೇಳುತ್ತೇನೆ.

ನಮ್ಮ ಜೀವಕೋಶ ಪ್ರೋಟೀನ್ ಮಾಡುವ ಮೊದಲು ಜೀನ್‌ನಿಂದ ಒಂದು ಪ್ರತಿ ತೆಗೆಯುತ್ತೆ. ಅದು ಮೆಸೆಂಜರ್ ಆರ್‌ಎನ್‌ಎ. ಮೈಕ್ರೋಆರ್‌ಎನ್‌ಎಗಳು ತೀರಾ ಚಿಕ್ಕ ತುಂಡುಗಳು, ಸುಮಾರು 22 ಅಕ್ಷರದಷ್ಟು ಉದ್ದ. ಇವುಗಳಿಂದ ಯಾವ ಪ್ರೋಟೀನೂ ಆಗುವುದಿಲ್ಲ. ಇವು ಮೆಸೆಂಜರ್ ಆರ್‌ಎನ್‌ಎಯ ಬಾಲದ ಕಡೆ ಹೋಗಿ ಅಂಟಿಕೊಂಡು, ಅದರಿಂದ ಬರುವ ಪ್ರೋಟೀನನ್ನು ಕಡಿಮೆ ಮಾಡುತ್ತವೆ. ಒಲೆ ಪೂರ್ತಿ ಆರಿಸುವುದಿಲ್ಲ, ಉರಿ ಸಣ್ಣ ಮಾಡುತ್ತವೆ. ಒಂದೇ ಮೈಕ್ರೋಆರ್‌ಎನ್‌ಎ ನೂರಾರು ಜೀನ್‌ಗಳ ಮೇಲೆ ಹೀಗೆ ಕೈಯಾಡಿಸಬಲ್ಲದು.

ಮೊದಲನೆಯದು ಸಿಕ್ಕಿದ್ದು 1993ರಲ್ಲಿ, ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ. ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರುವ್ಕುನ್ ಅವರ ಲ್ಯಾಬುಗಳ ಕೆಲಸ ಅದು. ಇದು ಹುಳುವಿನ ವಿಚಿತ್ರ ಅಂತಲೇ ಆಗ ತುಂಬಾ ಜನ ಅಂದುಕೊಂಡರು. 2000ದಲ್ಲಿ ಸಿಕ್ಕ ಇನ್ನೊಂದು ಮೈಕ್ರೋಆರ್‌ಎನ್‌ಎ ಮನುಷ್ಯರಲ್ಲೂ ಹಾಗೇ ಇದೆ ಅಂತ ಗೊತ್ತಾದ ಮೇಲೆ ಎಲ್ಲರೂ ಎದ್ದು ಕೂತರು. ಇಬ್ಬರಿಗೂ 2024ರ ವೈದ್ಯಕೀಯ ನೊಬೆಲ್ ಬಂತು.

ಕ್ಯಾನ್ಸರ್ ಜೊತೆ ನಂಟು ಕಂಡಿದ್ದು 2002ರಲ್ಲಿ, ಒಂದು ಬಗೆಯ ರಕ್ತದ ಕ್ಯಾನ್ಸರ್‌ನಲ್ಲಿ. ಮರುವರ್ಷವೇ ಕರುಳಿನ ಗಡ್ಡೆಗಳಲ್ಲಿ ಮಿರ್-143 ಮತ್ತು ಮಿರ್-145 ಅನ್ನೋ ಮೈಕ್ರೋಆರ್‌ಎನ್‌ಎಗಳು ಕಡಿಮೆ ಇವೆ ಅಂತ ವರದಿ ಬಂತು. ಆಮೇಲೆ ಹೆಚ್ಚು ಹೆಸರು ಮಾಡಿದ್ದು ಮಿರ್-21. ಇದು ಕರುಳಿನ ಗಡ್ಡೆಯಲ್ಲಿ ಏರುತ್ತೆ. ಏರಿದಾಗ ಪಿಡಿಸಿಡಿ4 ಅನ್ನೋ ಪ್ರೋಟೀನ್ ಇಳಿಯುತ್ತೆ. ಆ ಪ್ರೋಟೀನ್ ಕ್ಯಾನ್ಸರ್ ಕೋಶ ಪಕ್ಕದ ಜಾಗಕ್ಕೆ ನುಗ್ಗದ ಹಾಗೆ ತಡೆಯುವಂಥದ್ದು. ಹಾಗಾಗಿ ಮಿರ್-21 ಜಾಸ್ತಿ ಇದ್ದರೆ ರೋಗ ಜೋರಾಗಿರಬಹುದು ಅನ್ನೋದಕ್ಕೆ ಕಾರಣವೂ ಇದೆ.

ಇದಿಷ್ಟೂ ಗಟ್ಟಿ ವಿಜ್ಞಾನ. ಆ ಲ್ಯಾಬಿನವರು ಗಾಳಿಯಲ್ಲಿ ಹೆಸರು ಹುಟ್ಟಿಸಿಲ್ಲ. ಆದರೆ ಇದರಿಂದ ನಿಮ್ಮ ಅಪ್ಪನ ಬಗ್ಗೆ ಏನು ಹೇಳಬಹುದು ಅನ್ನೋದು ಬೇರೆಯೇ ಪ್ರಶ್ನೆ.

ಸಹ್ಯಾದ್ರಿ

ನನ್ನ ಚಿಕ್ಕಪ್ಪನಿಗೂ ಇದೇ ಟೆಸ್ಟ್ ಹೇಳಿದ್ದರು. ನಾವು ಮಾಡಿಸಲಿಲ್ಲ. ಉತ್ತರಕ್ಕೆ ಕಾಯ್ತಿದ್ದೇನೆ.

ಗಾಜಿನ_ಸ್ಲೈಡ್

ಅಮ್ಮಾ, ನಾನು ಪೆಥಾಲಜಿಸ್ಟ್. ಧಾರವಾಡದ ಕಡೆಯವನು. ನಿಮ್ಮ ಅಪ್ಪನ ರಿಪೋರ್ಟ್ ತರದ್ದನ್ನು ಬರೆಯುವುದೇ ನನ್ನ ಕೆಲಸ. ಅದಕ್ಕೇ ಮೊದಲು ಒಂದು ಮಾತು. ಮುಂದೇನಾಗಬಹುದು ಅನ್ನೋದರ ಬಗ್ಗೆ ಇವತ್ತಿಗೆ ಸಿಗುವ ಒಳ್ಳೆಯ ಸುಳಿವುಗಳಲ್ಲಿ ಹೆಚ್ಚಿನವು ಈಗಾಗಲೇ ನಿಮ್ಮ ಕೈಲಿರೋ ಕಾಗದದಲ್ಲಿವೆ. ಅದಕ್ಕೆ ದುಡ್ಡನ್ನೂ ಕೊಟ್ಟಾಗಿದೆ.

ಟಿ3 ಅಂದರೆ ಗಡ್ಡೆ ಕರುಳಿನ ಸ್ನಾಯು ಪದರ ದಾಟಿದೆ, ಆದರೆ ಹೊರಮೈ ಸೀಳಿ ಬಂದಿಲ್ಲ. ಬಂದಿದ್ದರೆ ಟಿ4, ಅದು ಹೆಚ್ಚು ಅಪಾಯ. 16 ನೋಡ್ ಸಿಕ್ಕಿರೋದು ಒಳ್ಳೇದು. ಕಡಿಮೆ ಅಂದರೆ 12 ನೋಡಬೇಕು ಅನ್ನೋದು ನಿಯಮ. ಅದಕ್ಕಿಂತ ಕಡಿಮೆ ಇದ್ದರೆ "ಎಲ್ಲೂ ಇಲ್ಲ" ಅನ್ನೋ ಮಾತಿಗೆ ಅಷ್ಟು ಬಲ ಇರಲ್ಲ. ಇನ್ನು ಮೂರು ಸಾಲು ಹುಡುಕಿ: ರಕ್ತನಾಳ ಅಥವಾ ದುಗ್ಧನಾಳದ ಒಳಗೆ ಗಡ್ಡೆಯ ಕೋಶ ಕಂಡಿದೆಯಾ, ನರದ ಸುತ್ತ ಕಂಡಿದೆಯಾ, ಗಡ್ಡೆಯ ಕೋಶಗಳ ಗ್ರೇಡ್ ಏನು. ಕರುಳು ಕಟ್ಟಿಕೊಂಡು ಅಥವಾ ತೂತಾಗಿ ಎಮರ್ಜೆನ್ಸಿಯಲ್ಲಿ ಆಪರೇಷನ್ ಆಗಿದ್ದರೆ ಅದೂ ಲೆಕ್ಕಕ್ಕೆ ಬರುತ್ತೆ.

ಡಾಕ್ಟ್ರು ಕಾಯ್ತಿರೋ ರಿಪೋರ್ಟ್ ಬಹುಶಃ ಎಂಎಂಆರ್. ಡಿಎನ್‌ಎ ತಪ್ಪು ತಿದ್ದುವ ನಾಲ್ಕು ಪ್ರೋಟೀನ್ ಗಡ್ಡೆಯಲ್ಲಿ ಇವೆಯಾ ಇಲ್ವಾ ಅಂತ ಬಣ್ಣ ಹಾಕಿ ನೋಡುತ್ತೇವೆ. ಸ್ಟೇಜ್ 2ರಲ್ಲಿ ಕೀಮೋ ಬೇಕಾ ಅನ್ನೋದನ್ನು ಅದು ನೇರವಾಗಿ ಬದಲಿಸುತ್ತೆ. ಮೈಕ್ರೋಆರ್‌ಎನ್‌ಎ ಪ್ಯಾನೆಲ್ ಹಾಗೆ ಬದಲಿಸುವುದಿಲ್ಲ. ಅದರ ರಿಸಲ್ಟ್ ಹಿಡಿದು "ಹಾಗಾದರೆ ಕೀಮೋ ಕೊಡಿ" ಅಥವಾ "ಬೇಡ" ಅನ್ನೋ ಯಾವ ದೊಡ್ಡ ಚಿಕಿತ್ಸಾ ಮಾರ್ಗಸೂಚಿಯೂ ಇಲ್ಲ.

ಅಣ್ಣನಿಗೆ ಹೇಳಿ, ಲ್ಯಾಬಿನವರನ್ನು ಒಂದೇ ಪ್ರಶ್ನೆ ಕೇಳಲಿ: "ರಿಸಲ್ಟ್ ಕೆಟ್ಟದಾಗಿ ಬಂದರೆ ನಮ್ಮ ಡಾಕ್ಟ್ರು ಬೇರೆ ಏನು ಮಾಡಬೇಕು?" ಅದಕ್ಕೆ ನೇರ ಉತ್ತರ ಸಿಗದಿದ್ದರೆ ಅದು ಸಮಾಧಾನ ಕೊಡಲ್ಲ, ರಾತ್ರಿ ನಿದ್ದೆ ಕೆಡಿಸುತ್ತೆ.

ಮ್ಯೂನಿಕ್_ಕನ್ನಡ

ಡಾಕ್ಟ್ರೇ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ಇಷ್ಟು ಬೇಗ ಪಕ್ಕಕ್ಕೆ ತಳ್ಳಬೇಡಿ. ನಾನು ಇಲ್ಲಿ ಕ್ಯಾನ್ಸರ್ ಸಂಶೋಧನೆಯಲ್ಲಿ ಇದ್ದೇನೆ.

2008ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಕರ್ಟಿಸ್ ಹ್ಯಾರಿಸ್ ತಂಡದ್ದು. ಮೇರಿಲ್ಯಾಂಡಿನ 84 ರೋಗಿಗಳ ಗಡ್ಡೆಯನ್ನು ಪಕ್ಕದ ಆರೋಗ್ಯವಂತ ಕರುಳಿನ ಜೊತೆ ಹೋಲಿಸಿದರು. 37 ಮೈಕ್ರೋಆರ್‌ಎನ್‌ಎಗಳಲ್ಲಿ ವ್ಯತ್ಯಾಸ ಕಂಡಿತು. ಆಮೇಲೆ ಹಾಂಗ್‌ಕಾಂಗಿನ 113 ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದರು. ಬೇರೆ ದೇಶ, ಬೇರೆ ಜನ. ಎರಡೂ ಕಡೆ ಮಿರ್-21 ಜಾಸ್ತಿ ಇದ್ದವರು ಬದುಕಿದ್ದು ಕಡಿಮೆ ಕಾಲ. ಅಪಾಯದ ಅನುಪಾತ (ಉಳಿದವರಿಗೆ ಹೋಲಿಸಿದರೆ ಸಾವಿನ ಅಪಾಯ ಎಷ್ಟು ಪಟ್ಟು ಅನ್ನೋದು) ಒಂದು ಕಡೆ 2.5, ಇನ್ನೊಂದು ಕಡೆ 2.4. ಸ್ಟೇಜನ್ನು ಲೆಕ್ಕಕ್ಕೆ ಹಿಡಿದ ಮೇಲೂ ಆ ನಂಟು ಉಳಿಯಿತು. ಇದು ಸಣ್ಣ ಮಾತಲ್ಲ.

2013ರಲ್ಲಿ ಚೀನಾದ ತಂಡವೊಂದು ಲ್ಯಾನ್ಸೆಟ್ ಆಂಕಾಲಜಿ ಪತ್ರಿಕೆಯಲ್ಲಿ ಸ್ಟೇಜ್ 2 ರೋಗಿಗಳಿಗೆಂದೇ ಆರು ಮೈಕ್ರೋಆರ್‌ಎನ್‌ಎಗಳ ಒಂದು ಅಂಕ ಮಾಡಿತು. ಅದರಲ್ಲೂ ಮಿರ್-21 ಇದೆ. ಮೊದಲ ಗುಂಪಿನಲ್ಲಿ, ಕಡಿಮೆ ಅಪಾಯ ಅಂತ ಬಂದವರಲ್ಲಿ 100ಕ್ಕೆ 89 ಜನ 5 ವರ್ಷ ರೋಗವಿಲ್ಲದೆ ಇದ್ದರು. ಹೆಚ್ಚು ಅಪಾಯ ಅಂತ ಬಂದವರಲ್ಲಿ 60 ಜನ. ಸ್ಟೇಜ್ 2ರಲ್ಲಿ ಯಾರಿಗೆ ಕೀಮೋ ಕೊಡಬೇಕು ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುವಾಗ ಇಂಥ ಸುಳಿವನ್ನು ಬಿಟ್ಟುಬಿಡೋದು ಸರಿಯಾ?

ಗಾಜಿನ_ಸ್ಲೈಡ್

ಬಿಟ್ಟುಬಿಡಿ ಅಂತ ಹೇಳಿಲ್ಲ ಸರ್. ಸಂಶೋಧನೆ ನಡೀಲಿ, ಅದು ನನಗೂ ಬೇಕು. ರೋಗಿಯ ಮನೆಯವರಿಂದ ದುಡ್ಡು ತಗೊಂಡು ಮಾರುವ ಹಂತಕ್ಕೆ ಬಂದಿಲ್ಲ ಅಂತಷ್ಟೇ ನನ್ನ ಮಾತು. ನೀವು ಹೇಳಿದ ಎರಡೂ ಅಧ್ಯಯನಗಳಲ್ಲಿ ನೋಡಿದ್ದು ಆಪರೇಷನ್‌ನಲ್ಲಿ ತೆಗೆದ ಗಡ್ಡೆಯನ್ನು. ಈ ಲ್ಯಾಬಿನವರು ನೋಡುತ್ತೇವೆ ಅಂತಿರೋದು ರಕ್ತವನ್ನು. ಎರಡೂ ಒಂದೇ ಅಲ್ಲ, ಅಲ್ವಾ?

ಸರಾಸರಿ

ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ನನ್ನ ಓದು ಸಂಖ್ಯಾಶಾಸ್ತ್ರ, ಕ್ಲಿನಿಕಲ್ ಟ್ರಯಲ್‌ಗಳ ಲೆಕ್ಕ ನೋಡುತ್ತೇನೆ. 89 ಮತ್ತು 60 ಅನ್ನೋ ಅಂಕಿಯನ್ನು ನೇತ್ರಾವತಿ ಅವರು ಮನೆಯಲ್ಲಿ ಹೇಗೆ ಓದಬೇಕು ಅಂತ ಹೇಳಲೇಬೇಕು ಅನ್ನಿಸಿತು.

"ಹೆಚ್ಚು ಅಪಾಯ" ಅಂತ ಚೀಟಿ ಬಂದವರಲ್ಲೂ 100ಕ್ಕೆ 60 ಜನ 5 ವರ್ಷ ಚೆನ್ನಾಗೇ ಇದ್ದರು. "ಕಡಿಮೆ ಅಪಾಯ" ಅಂತ ಬಂದವರಲ್ಲೂ 11 ಜನಕ್ಕೆ ತೊಂದರೆ ಆಯಿತು. ಗುಂಪಿನ ಮಟ್ಟದಲ್ಲಿ ಇದು ದೊಡ್ಡ ವ್ಯತ್ಯಾಸ. ಆದರೆ ಒಬ್ಬ ಮನುಷ್ಯನ ಎದುರು ಕೂತು "ನಿಮಗೆ ವಾಪಸ್ ಬರುತ್ತೆ" ಅಥವಾ "ಬರಲ್ಲ" ಅಂತ ಹೇಳಲು ಇದು ಸಾಲದು. ಲ್ಯಾಬಿನವರು ಫೋನಿನಲ್ಲಿ ಹೇಳಿದ್ದು ಆ ಎರಡನೇ ಮಾತು. ಅದು ಯಾವ ಪೇಪರಿನಲ್ಲೂ ಇಲ್ಲ.

ಇನ್ನು 2.5 ಅನ್ನೋ ಅನುಪಾತ. ಮಿರ್-21 ಎಷ್ಟಿದ್ದರೆ "ಜಾಸ್ತಿ"? ಆ ಅಧ್ಯಯನದಲ್ಲಿ ಮೇಲಿನ ಮೂರನೇ ಒಂದು ಭಾಗವನ್ನು ಜಾಸ್ತಿ ಅಂತ ಹಿಡಿದರು. ಬೇರೆಯವರು ಅರ್ಧಕ್ಕೆ ಗೆರೆ ಎಳೆದರು. ಇನ್ನು ಕೆಲವರು ತಮ್ಮ ಡೇಟಾದಲ್ಲಿ ಎಲ್ಲಿ ಗೆರೆ ಎಳೆದರೆ ವ್ಯತ್ಯಾಸ ದೊಡ್ಡದಾಗಿ ಕಾಣುತ್ತೋ ಅಲ್ಲೇ ಎಳೆದರು. ಕೊನೆಯದು ನನಗೆ ತುಂಬಾ ಬೇಸರ ತರಿಸುವ ಅಭ್ಯಾಸ. ಹಾಗೆ ಮಾಡಿದರೆ ಸುಳ್ಳು ಸಂಬಂಧವೂ ನಿಜದ ಹಾಗೆ ಕಾಣುತ್ತೆ. ಇದನ್ನೆಲ್ಲ ತಡೆಯಲು 2005ರಲ್ಲೇ ರಿಮಾರ್ಕ್ ಅನ್ನೋ ವರದಿ ನಿಯಮ ಬಂತು: ಎಷ್ಟು ರೋಗಿಗಳು, ಎಷ್ಟು ಕಾಲ ನೋಡಿದಿರಿ, ಗೆರೆ ಎಲ್ಲಿ, ಯಾಕೆ ಅಲ್ಲಿ, ಎಲ್ಲ ತೆರೆದು ಹೇಳಬೇಕು. ಪಾಲಿಸುವವರು ಇದ್ದಾರೆ. ಪಾಲಿಸದವರು ಬಹಳ ಜನ.

ಮನುಷ್ಯರಲ್ಲಿ 2,600ಕ್ಕೂ ಜಾಸ್ತಿ ಮೈಕ್ರೋಆರ್‌ಎನ್‌ಎಗಳು ಪಟ್ಟಿಯಾಗಿವೆ. ಅಷ್ಟನ್ನೂ 100 ರೋಗಿಗಳಲ್ಲಿ ಅಳೆದರೆ ಸುಮ್ನೆ ಆಕಸ್ಮಿಕವಾಗಿಯೇ ಕೆಲವು "ಸಾವಿಗೆ ಸಂಬಂಧ" ಅಂತ ತೋರುತ್ತವೆ. ಅದಕ್ಕೇ ಒಂದು ಊರಿನ ಪ್ಯಾನೆಲ್‌ಗೂ ಇನ್ನೊಂದು ಊರಿನ ಪ್ಯಾನೆಲ್‌ಗೂ ಹೆಸರು ಹೊಂದಲ್ಲ. ಮಿರ್-21 ಮತ್ತೆ ಮತ್ತೆ ಬರುತ್ತೆ ಅನ್ನೋದು ಮ್ಯೂನಿಕ್ ಅಣ್ಣ ಹೇಳಿದ ಹಾಗೆ ಬೆಲೆಯುಳ್ಳ ಸಂಗತಿ. ಉಳಿದ ಹೆಚ್ಚಿನವು ಒಂದು ಸಲ ಕಂಡು ಮಾಯವಾದವು.

ಎಳೆ_ಆರ್‌ಎನ್‌ಎ

ರಕ್ತದ ವಿಷಯ ನಾನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ಪ್ರತಿದಿನ ಇದರ ಜೊತೆ ಒದ್ದಾಡೋನು ನಾನು.

ಮೈಕ್ರೋಆರ್‌ಎನ್‌ಎ ರಕ್ತದಲ್ಲಿ ಕೆಡದೆ ಉಳಿಯುತ್ತೆ ಅಂತ 2008ರಲ್ಲಿ ಗೊತ್ತಾದಾಗ ಎಲ್ಲರಿಗೂ ಖುಷಿ. ಬೇರೆ ಆರ್‌ಎನ್‌ಎಗಳು ರಕ್ತದಲ್ಲಿ ನಿಮಿಷಗಳಲ್ಲಿ ಹಾಳಾಗುತ್ತವೆ. ಇವು ಪ್ರೋಟೀನಿಗೆ ಅಂಟಿಕೊಂಡೋ, ಪುಟ್ಟ ಪೊರೆಚೀಲಗಳ ಒಳಗೋ ಸುರಕ್ಷಿತವಾಗಿ ಇರುತ್ತವೆ. 2009ರಲ್ಲಿ ಹಾಂಗ್‌ಕಾಂಗ್ ತಂಡ ರಕ್ತದ ಮಿರ್-92ಎ ನೋಡಿ ಕರುಳಿನ ಕ್ಯಾನ್ಸರ್ ಇದ್ದವರನ್ನು ಗುರುತಿಸಬಹುದು ಅಂತ ತೋರಿಸಿತು. ರಕ್ತದ ಮಿರ್-200ಸಿ ಜಾಸ್ತಿ ಇದ್ದವರಲ್ಲಿ ರೋಗ ಹರಡಿರುವುದು ಹೆಚ್ಚು ಅಂತ 2014ರಲ್ಲಿ ವರದಿ ಬಂತು.

ತೊಂದರೆ ಏನು ಅಂದರೆ ಕೆಂಪು ರಕ್ತಕಣದ ಒಳಗೂ ಮೈಕ್ರೋಆರ್‌ಎನ್‌ಎ ತುಂಬಿದೆ. ಮಿರ್-451 ಮತ್ತು ಮಿರ್-16 ಅಲ್ಲಿ ರಾಶಿ ರಾಶಿ ಇವೆ, ಮಿರ್-92ಎ ಕೂಡ ಇದೆ. ರಕ್ತ ತೆಗೆಯುವಾಗ ಸೂಜಿ ಸಣ್ಣದಾಗಿ, ಜೋರಾಗಿ ಎಳೆದು ಸ್ವಲ್ಪ ಕಣ ಒಡೆದರೆ ಸಾಕು, ಅಂಕಿ ಏರಿಬಿಡುತ್ತೆ. ಕ್ಯಾನ್ಸರ್‌ಗೂ ಅದಕ್ಕೂ ಸಂಬಂಧವೇ ಇರಲ್ಲ. ರಕ್ತ ಹೆಪ್ಪುಗಟ್ಟಿಸಿ ಸೀರಮ್ ತೆಗೆದರೆ ಪ್ಲೇಟ್‌ಲೆಟ್‌ಗಳು ತಮ್ಮದನ್ನೂ ಸೇರಿಸುತ್ತವೆ. ಹಾಗಾಗಿ ಒಂದೇ ಮನುಷ್ಯನ ಸೀರಮ್‌ಗೂ ಪ್ಲಾಸ್ಮಾಗೂ (ಹೆಪ್ಪುಗಟ್ಟಿಸದೆ ತೆಗೆದ ರಕ್ತದ ತಿಳಿ ಭಾಗ) ಅಂಕಿ ಬೇರೆ. ಅಳೆದಿದ್ದನ್ನು ಯಾವುದಕ್ಕೆ ಹೋಲಿಸಬೇಕು ಅನ್ನೋದರಲ್ಲೂ ಒಮ್ಮತ ಇಲ್ಲ. ಎಷ್ಟೋ ಜನ ಮಿರ್-16ನ್ನೇ ಆಧಾರವಾಗಿ ಇಟ್ಟುಕೊಂಡರು. ಕಣ ಒಡೆದರೆ ಏರುವ ವಸ್ತುವನ್ನೇ ಅಳತೆಗೋಲು ಮಾಡಿಕೊಂಡ ಹಾಗಾಯಿತು.

ನಿಮ್ಮ ಊರಿನಲ್ಲಿ ರಕ್ತ ತೆಗೆದು, ಬಸ್ಸಿನಲ್ಲೋ ಕೊರಿಯರ್‌ನಲ್ಲೋ ಬೆಂಗಳೂರಿಗೆ ಕಳಿಸಿ, ಮಾರನೇ ದಿನ ಪ್ಲಾಸ್ಮಾ ಬೇರೆ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಆ ಅಂಕಿಯನ್ನು ನಾನು ನಂಬಲ್ಲ.

ಟೀಚರಮ್ಮ

ನೇತ್ರಾವತಿ, ನನಗೂ ಇದೇ ಕಾಯಿಲೆ ಆಗಿತ್ತು ಮಗಳೇ. ಸ್ಟೇಜ್ 3. ಆಪರೇಷನ್ ಆಯ್ತು, ಕೀಮೋ ಆಯ್ತು, ಈಗ ಆರಾಮಾಗಿದ್ದೇನೆ. ವಿಜ್ಞಾನ ನನಗೆ ಇಷ್ಟೆಲ್ಲ ಗೊತ್ತಿಲ್ಲ. ಆದರೆ "ವಾಪಸ್ ಬರುತ್ತಾ" ಅನ್ನೋ ಭಯ ಗೊತ್ತು. ಆ ಭಯದಲ್ಲಿ ಇರುವವರಿಗೆ ಯಾರು ಏನು ಮಾರಿದರೂ ತಗೊಳ್ಳುವಂತೆ ಆಗುತ್ತೆ. ಅಣ್ಣನ ಮೇಲೆ ಬೇಜಾರು ಮಾಡ್ಕೋಬೇಡ. ಅಪ್ಪನಿಗೆ ಏನಾದರೂ ಮಾಡಬೇಕು ಅನ್ನೋ ಆಸೆ ಅದು.

ಆ ದುಡ್ಡನ್ನು ಫಾಲೋಅಪ್‌ಗೆ ಇಟ್ಟುಕೊಳ್ಳಿ. ಸಿಇಎ ರಕ್ತಪರೀಕ್ಷೆ, ಸ್ಕ್ಯಾನ್, ಕೊಲೊನೊಸ್ಕೋಪಿ, ಇವನ್ನು ಡಾಕ್ಟ್ರು ಹೇಳಿದ ಹೊತ್ತಿಗೆ ಸರಿಯಾಗಿ ಮಾಡಿಸಿ. ಊರಿಂದ ಆಸ್ಪತ್ರೆಗೆ ಹೋಗಿ ಬರುವ ಖರ್ಚೇ ಎಷ್ಟಾಗುತ್ತೆ ಅಂತ ನಿಧಾನಕ್ಕೆ ಗೊತ್ತಾಗುತ್ತೆ.

ಸಹ್ಯಾದ್ರಿ

ಟೀಚರಮ್ಮ ಹೇಳಿದ್ದು ನೂರಕ್ಕೆ ನೂರು. ಒಂದು ಅನುಮಾನ. ರಕ್ತದಲ್ಲಿ ಗಡ್ಡೆಯ ಡಿಎನ್‌ಎ ಹುಡುಕುವ ಟೆಸ್ಟ್ ಅಂತ ಇನ್ನೊಂದಿದೆಯಲ್ಲ, ಅದೂ ಇದೂ ಒಂದೇನಾ?

ಮ್ಯೂನಿಕ್_ಕನ್ನಡ

ಒಂದೇ ಅಲ್ಲ. ಈ ವ್ಯತ್ಯಾಸ ತಿಳ್ಕೊಂಡರೆ ಅರ್ಧ ಚರ್ಚೆ ಮುಗಿದ ಹಾಗೆ.

ಗಡ್ಡೆಯ ಡಿಎನ್‌ಎಯಲ್ಲಿ ಆ ಗಡ್ಡೆಗೇ ಸೇರಿದ ಮ್ಯುಟೇಶನ್ (ಜೀನ್‌ನಲ್ಲಿ ಆದ ಬದಲಾವಣೆ) ಇರುತ್ತೆ. ಆಪರೇಷನ್ ಆಗಿ ಕೆಲವು ವಾರದ ಮೇಲೆ ಅದೇ ಮ್ಯುಟೇಶನ್ ರಕ್ತದಲ್ಲಿ ಸಿಕ್ಕರೆ ಎಲ್ಲೋ ಕ್ಯಾನ್ಸರ್ ಕೋಶ ಉಳಿದಿದೆ ಅಂತ ಅರ್ಥ. ಮಿರ್-21 ಹಾಗಲ್ಲ. ಅದನ್ನು ನನ್ನ ಕೋಶವೂ ಮಾಡುತ್ತೆ, ನಿಮ್ಮದೂ ಮಾಡುತ್ತೆ. ಕರುಳಿನ ಉರಿಯೂತ ಇದ್ದರೂ ಏರುತ್ತೆ, ಹೃದಯದ ತೊಂದರೆಯಲ್ಲೂ ಏರುತ್ತೆ. ಅದರ ಮೇಲೆ ಗಡ್ಡೆಯ ಗುರುತು ಇರಲ್ಲ.

2022ರಲ್ಲಿ ಆಸ್ಟ್ರೇಲಿಯಾದ ಡೈನಾಮಿಕ್ ಅನ್ನೋ ಟ್ರಯಲ್‌ನ ಫಲಿತಾಂಶ ಬಂತು. ಸ್ಟೇಜ್ 2ರ 455 ರೋಗಿಗಳು. ಒಂದು ಗುಂಪಿಗೆ ಗಡ್ಡೆಯ ಡಿಎನ್‌ಎ ರಕ್ತದಲ್ಲಿ ಕಂಡರೆ ಮಾತ್ರ ಕೀಮೋ, ಇನ್ನೊಂದಕ್ಕೆ ಎಂದಿನ ಪದ್ಧತಿ. ಡಿಎನ್‌ಎ ನೋಡಿದ ಗುಂಪಿನಲ್ಲಿ ಕೀಮೋ ತಗೊಂಡವರು ಶೇ. 15, ಇನ್ನೊಂದರಲ್ಲಿ ಶೇ. 28. ಆದರೂ 2 ವರ್ಷದ ಹೊತ್ತಿಗೆ ರೋಗ ಮರಳದೆ ಇದ್ದವರು ಶೇ. 93.5 ಮತ್ತು ಶೇ. 92.4. ಅಂದರೆ ಸುಮಾರು ಅರ್ಧ ಕೀಮೋ ಉಳಿಸಿದರೂ ನಷ್ಟ ಆಗಲಿಲ್ಲ. ಒಂದು ಟೆಸ್ಟ್ ಚಿಕಿತ್ಸೆಯನ್ನು ಬದಲಿಸಬಲ್ಲದು ಅಂತ ತೋರಿಸುವುದು ಹೀಗೆ. ಮೈಕ್ರೋಆರ್‌ಎನ್‌ಎಗೆ ಸ್ಟೇಜ್ 2ರಲ್ಲಿ ಇಂಥ ಟ್ರಯಲ್‌ನ ಫಲಿತಾಂಶ ನನಗೆ ತಿಳಿದ ಮಟ್ಟಿಗೆ ಬಂದಿಲ್ಲ. ಇಷ್ಟು ವರ್ಷದಿಂದ ಇದರ ಬೆನ್ನು ಬಿದ್ದಿರುವ ನನಗೆ ಇದು ನಿಜಕ್ಕೂ ಸಂಕಟದ ವಿಷಯ.

ಗಾಜಿನ_ಸ್ಲೈಡ್

ಸ್ಟೇಜ್ 2ರಲ್ಲಿ ಕೀಮೋದಿಂದ ಸಿಗುವ ಲಾಭ ಎಷ್ಟು ಅನ್ನೋದನ್ನೂ ಇಲ್ಲೇ ಹೇಳಿಬಿಡುತ್ತೇನೆ. 2007ರಲ್ಲಿ ಬಂದ ಬ್ರಿಟನ್ನಿನ ಕ್ವಾಸರ್ ಟ್ರಯಲ್‌ನಲ್ಲಿ 3,239 ರೋಗಿಗಳಿದ್ದರು, ಹೆಚ್ಚಿನವರು ಸ್ಟೇಜ್ 2. ಕೀಮೋದಿಂದ ಬದುಕುಳಿಯುವವರು ನೂರಕ್ಕೆ 3ರಿಂದ 4 ಜನ ಜಾಸ್ತಿ. ಆ ಮೂರು ನಾಲ್ಕು ಜನ ಯಾರು ಅಂತ ಮೊದಲೇ ಗೊತ್ತಾದರೆ ಉಳಿದ ತೊಂಬತ್ತಾರು ಜನಕ್ಕೆ ವಾಂತಿ, ಬೇಧಿ, ಕೈಕಾಲು ಜೋಮು ತಪ್ಪುತ್ತೆ. ಮೈಕ್ರೋಆರ್‌ಎನ್‌ಎ ಮೇಲೆ ಅಷ್ಟೊಂದು ಜನ ಕೆಲಸ ಮಾಡಿದ್ದು ಇದೇ ಕಾರಣಕ್ಕೆ. ಪ್ರಶ್ನೆ ಸರಿಯಾಗೇ ಇತ್ತು.

ನನಗೆ ಇನ್ನೊಂದು ಸಂಗತಿ ಯಾವಾಗಲೂ ಕಾಡುತ್ತೆ. ಗಡ್ಡೆ ಅಂದರೆ ಬರೀ ಕ್ಯಾನ್ಸರ್ ಕೋಶ ಅಲ್ಲ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದರ ಮಧ್ಯೆ ನಾರಿನ ಅಂಗಾಂಶ, ರಕ್ತನಾಳ, ಬಿಳಿ ರಕ್ತಕಣ, ಸ್ನಾಯು ಎಲ್ಲ ಇರುತ್ತೆ. ತುಂಡನ್ನು ಅರೆದು ಮಿರ್-21 ಅಳೆದರೆ ಅದು ಯಾವ ಕೋಶದಿಂದ ಬಂತು ಅಂತ ಗೊತ್ತಾಗಲ್ಲ. 2011ರಲ್ಲಿ ಡೆನ್ಮಾರ್ಕಿನವರು ಅರೆಯದೆ, ಸ್ಲೈಡ್ ಮೇಲೆಯೇ ಮಿರ್-21ಗೆ ಬಣ್ಣ ಬರಿಸಿ ನೋಡಿದರು. ಹೆಚ್ಚಾಗಿ ಕಂಡಿದ್ದು ಗಡ್ಡೆಯ ಸುತ್ತಲಿನ ನಾರಿನ ಭಾಗದ ಕೋಶಗಳಲ್ಲಿ! ಅಲ್ಲಿ ಅದು ಜಾಸ್ತಿ ಇದ್ದ ಸ್ಟೇಜ್ 2 ರೋಗಿಗಳಿಗೆ ಕಾಯಿಲೆ ಬೇಗ ಮರಳಿತು. ಅದೂ ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಮಾತ್ರ. ಗುದನಾಳದ ಕ್ಯಾನ್ಸರ್‌ನಲ್ಲಿ ಆ ಸಂಬಂಧ ಕಾಣಲಿಲ್ಲ.

ಮಿರ್-143 ಮತ್ತು 145ರ ಕಥೆ ಇನ್ನೂ ಬೋಧಪ್ರದ. ಕ್ಯಾನ್ಸರ್ ಕೋಶ ಇವನ್ನು ಕಳೆದುಕೊಳ್ಳುವುದರಿಂದಲೇ ಕ್ಯಾನ್ಸರ್ ಬೆಳೆಯುತ್ತೆ ಅಂತ 10 ವರ್ಷ ಪೇಪರ್ ಮೇಲೆ ಪೇಪರ್ ಬಂದವು. 2014ರಲ್ಲಿ ಇಲಿಗಳಲ್ಲಿ ಮಾಡಿದ ಕೆಲಸದಿಂದ ಗೊತ್ತಾಯಿತು: ಕರುಳಿನ ಒಳಪದರದ ಕೋಶಗಳಲ್ಲಿ ಇವು ಇರುವುದೇ ಇಲ್ಲ ಅನ್ನಬಹುದು, ಇರೋದು ಅದರ ಕೆಳಗಿನ ಸ್ನಾಯು ಮತ್ತು ನಾರಿನ ಕೋಶಗಳಲ್ಲಿ. ಹಾಗಾದರೆ ಗಡ್ಡೆಯಲ್ಲಿ ಕಡಿಮೆ ಕಂಡಿದ್ದು ಯಾಕೆ? ಗಡ್ಡೆಯ ತುಂಡಿನಲ್ಲಿ ಒಳಪದರದ ಕೋಶದ ಪಾಲು ಜಾಸ್ತಿ, ಸ್ನಾಯುವಿನ ಪಾಲು ಕಡಿಮೆ. ಆ ವ್ಯತ್ಯಾಸದ ಬಹುಪಾಲು ಇಷ್ಟರಿಂದಲೇ ಬರಬಹುದು. ಪೆಥಾಲಜಿಸ್ಟ್ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ತುಂಡು ಆರಿಸಿದ್ದರೆ ಎಷ್ಟೋ ವರ್ಷದ ಕೆಲಸ ಉಳಿಯುತ್ತಿತ್ತು ಅಂತ ನನಗೆ ಅನ್ನಿಸುತ್ತೆ.

ಎಳೆ_ಆರ್‌ಎನ್‌ಎ

ಈ ಮಾತು ನಮ್ಮ ಲ್ಯಾಬಿನವರೆಲ್ಲ ಓದಬೇಕು ಡಾಕ್ಟ್ರೇ.

ನೇತ್ರಾವತಿ_ದಡ

ಎಲ್ಲರಿಗೂ ತುಂಬಾ ಧನ್ಯವಾದ. ಅಣ್ಣನಿಗೆ ಇಡೀ ಚರ್ಚೆ ಓದಿಸಿದೆ. ರಕ್ತದ ಪ್ಯಾನೆಲ್ ಬೇಡ ಅಂತ ಅವನೇ ಹೇಳಿದ.

ಎಂಎಂಆರ್ ರಿಪೋರ್ಟ್ ಬಂತು. ಎಂಎಲ್‌ಹೆಚ್1 ಮತ್ತು ಪಿಎಂಎಸ್2 ಇಲ್ಲ, ಉಳಿದ ಎರಡು ಇವೆ ಅಂತ ಬರೆದಿದ್ದಾರೆ. ಓದಿ ಗಾಬರಿ ಆಯ್ತು. ಡಾಕ್ಟ್ರನ್ನು ನೋಡೋದು ಮುಂದಿನ ವಾರ. ಇದು ಕೆಟ್ಟದ್ದಾ?

ಗಾಜಿನ_ಸ್ಲೈಡ್

ಗಾಬರಿ ಬೇಡಮ್ಮ. ಸ್ಟೇಜ್ 2ರಲ್ಲಿ ಇದು ಒಳ್ಳೆಯ ಸುದ್ದಿಯ ಕಡೆಗೇ ವಾಲುತ್ತೆ. ಈ ತರದ ಗಡ್ಡೆಗಳಲ್ಲಿ ತಪ್ಪುಗಳು ತುಂಬಿರುವುದರಿಂದ ದೇಹದ ರಕ್ಷಣಾ ಕೋಶಗಳು ಅವನ್ನು ಬೇಗ ಗುರುತಿಸುತ್ತವೆ. ಸ್ಟೇಜ್ 2ರಲ್ಲಿ ಇವು ಮರಳುವುದು ಕಡಿಮೆ. 5-ಎಫ್‌ಯು ಕೀಮೋ ಒಂದನ್ನೇ ಕೊಟ್ಟರೆ ಇವರಿಗೆ ಲಾಭ ಕಾಣುವುದಿಲ್ಲ. ಟಿ3, ಎನ್0, ಬೇರೆ ಅಪಾಯದ ಲಕ್ಷಣ ಇಲ್ಲ ಅಂತಾದರೆ ಡಾಕ್ಟ್ರು ಕೀಮೋ ಬೇಡ ಅನ್ನುವ ಸಾಧ್ಯತೆಯೇ ಜಾಸ್ತಿ. ಕೊನೆ ಮಾತು ಅವರದ್ದೇ.

ಆದರೆ ಒಂದು ಕೆಲಸ ಬಾಕಿ ಇದೆ. ಈ ಎರಡು ಪ್ರೋಟೀನ್ ಹೋಗಲು ಮುಖ್ಯವಾಗಿ ಎರಡು ಕಾರಣ. ವಯಸ್ಸಾದವರಲ್ಲಿ ಎಂಎಲ್‌ಹೆಚ್1 ಜೀನ್ ಗಡ್ಡೆಯ ಒಳಗೆ ಮಾತ್ರ ಮುಚ್ಚಿಹೋಗಿರುತ್ತೆ. ಇದೇ ಸಾಮಾನ್ಯ, ಮಕ್ಕಳಿಗೆ ಬರಲ್ಲ. ಇನ್ನೊಂದು ಲಿಂಚ್ ಸಿಂಡ್ರೋಮ್, ಅದು ವಂಶದಲ್ಲಿ ಬರುತ್ತೆ. ಗಡ್ಡೆಯಲ್ಲಿ ಬ್ರಾಫ್ ಅನ್ನೋ ಜೀನ್‌ನ ಮ್ಯುಟೇಶನ್ ಅಥವಾ ಎಂಎಲ್‌ಹೆಚ್1 ಮೆಥಿಲೇಶನ್ (ಜೀನನ್ನು ಮುಚ್ಚುವ ರಾಸಾಯನಿಕ ಗುರುತು) ಇದೆಯಾ ನೋಡಿ ಅಂತ ಕೇಳಿ. ಇದ್ದರೆ ಹೆಚ್ಚಾಗಿ ಮೊದಲನೆಯದು. ಇಲ್ಲದಿದ್ದರೆ ಜೆನೆಟಿಕ್ ಕೌನ್ಸೆಲಿಂಗ್ ಬೇಕು. ಲಿಂಚ್ ಅಂತ ಗೊತ್ತಾದ ಮನೆಯವರಿಗೆ 1ರಿಂದ 2 ವರ್ಷಕ್ಕೊಮ್ಮೆ ಕೊಲೊನೊಸ್ಕೋಪಿ ಮಾಡಿದರೆ ಗಡ್ಡೆ ಆಗುವ ಮೊದಲೇ ಪಾಲಿಪ್ ತೆಗೆಯಬಹುದು. ಪ್ಯಾನೆಲ್‌ಗೆ ಇಟ್ಟಿದ್ದ ದುಡ್ಡು ಈ ಟೆಸ್ಟಿಗೆ ಹೋಗಲಿ. ಇದು ನಿಮಗೂ ನಿಮ್ಮ ಅಣ್ಣನಿಗೂ ಉಪಯೋಗಕ್ಕೆ ಬರುತ್ತೆ.

ಮ್ಯೂನಿಕ್_ಕನ್ನಡ

ಇಲ್ಲೂ ಮೈಕ್ರೋಆರ್‌ಎನ್‌ಎ ಇದೆ ಅಂತ ಹೇಳದೆ ಇರಲಾರೆ. ಮಿರ್-155 ಜಾಸ್ತಿಯಾದರೆ ಇದೇ ಎಂಎಲ್‌ಹೆಚ್1 ಮತ್ತು ಅದರ ಜೊತೆಯ ತಿದ್ದುವ ಪ್ರೋಟೀನ್‌ಗಳು ಕಡಿಮೆಯಾಗುತ್ತವೆ ಅಂತ 2010ರಲ್ಲಿ ತೋರಿಸಿದ್ದಾರೆ. ಅದೇ ವರ್ಷ, ಅದೇ ತಂಡ, ಮಿರ್-21 ಇನ್ನೊಂದು ತಿದ್ದುವ ಪ್ರೋಟೀನನ್ನು ಇಳಿಸಿ 5-ಎಫ್‌ಯು ಔಷಧಿ ಕೆಲಸ ಮಾಡದಂತೆ ಮಾಡಬಹುದು ಅಂತಲೂ ತೋರಿಸಿತು. ನಿಮ್ಮ ಅಪ್ಪನ ಚಿಕಿತ್ಸೆಗೆ ಇದರಿಂದ ಏನೂ ಬದಲಾಗಲ್ಲ. ಈ ಅಣುಗಳು ಬರೀ ಗುರುತಲ್ಲ, ಕಾಯಿಲೆಯ ಒಳಗೇ ಕೈಯಾಡಿಸುತ್ತಿವೆ ಅನ್ನೋದಕ್ಕೆ ಹೇಳಿದೆ.

ಸಹ್ಯಾದ್ರಿ

ಮ್ಯೂನಿಕ್ ಅಣ್ಣಾ, ಚಿಕ್ಕಪ್ಪನದ್ದು ಸ್ಟೇಜ್ 4, ಲಿವರ್‌ಗೆ ಹೋಗಿದೆ. ಅಂಥವರಿಗೆ ಏನಾದರೂ ಉಪಯೋಗ ಇದೆಯಾ?

ಮ್ಯೂನಿಕ್_ಕನ್ನಡ

ಚಿಕಿತ್ಸೆಗೆ ಹತ್ತಿರ ಬಂದ ಒಂದು ಇದೆ: ಮಿರ್-31-3ಪಿ. ಇಲ್ಲಿ ಜರ್ಮನಿಯಲ್ಲಿ ನಡೆದ ಫೈರ್-3 ಟ್ರಯಲ್‌ನಲ್ಲಿ ಒಂದು ಗುಂಪಿಗೆ ಕೀಮೋ ಜೊತೆ ಸೆಟುಕ್ಸಿಮ್ಯಾಬ್ ಅನ್ನೋ ಔಷಧಿ, ಇನ್ನೊಂದಕ್ಕೆ ಕೀಮೋ ಜೊತೆ ಬೆವಾಸಿಝುಮ್ಯಾಬ್ ಅನ್ನೋ ಔಷಧಿ ಕೊಟ್ಟರು. ಆ ರೋಗಿಗಳ ಗಡ್ಡೆಯ ಬ್ಲಾಕುಗಳಲ್ಲಿ (ಮೇಣದಲ್ಲಿ ಕಾಪಿಟ್ಟ ತುಂಡುಗಳಲ್ಲಿ) ಆಮೇಲೆ ಮಿರ್-31-3ಪಿ ಅಳೆದರು. ರಾಸ್ ಅನ್ನೋ ಜೀನ್‌ಗಳಲ್ಲಿ ಮ್ಯುಟೇಶನ್ ಇಲ್ಲದವರಲ್ಲಿ, ಮಿರ್-31-3ಪಿ ಕಡಿಮೆ ಇದ್ದವರಿಗೆ ಸೆಟುಕ್ಸಿಮ್ಯಾಬ್‌ನಿಂದ ಲಾಭ ಜಾಸ್ತಿ. ಜಾಸ್ತಿ ಇದ್ದವರಿಗೆ ಆ ಲಾಭ ಕಾಣಲಿಲ್ಲ. 2019ರಲ್ಲಿ ಪ್ರಕಟವಾಯಿತು. ಯಾವ ಔಷಧಿ ಯಾರಿಗೆ ಅಂತ ಆರಿಸಲು ನೆರವಾಗುವ ಸುಳಿವು ಅದು. ಆದರೂ ಎಲ್ಲ ಆಸ್ಪತ್ರೆಗಳ ದಿನದ ಪದ್ಧತಿ ಆಗಿಲ್ಲ.

ಚಿಕ್ಕಪ್ಪನಿಗೆ ಈಗ ಕೇಳಬೇಕಾದ್ದು ರಾಸ್, ಬ್ರಾಫ್, ಎಂಎಂಆರ್. ಗಡ್ಡೆ ಎಡಭಾಗದ್ದಾ ಬಲಭಾಗದ್ದಾ ಅನ್ನೋದೂ ಮುಖ್ಯ. ಎಂಎಂಆರ್ ಇಲ್ಲ ಅಂತ ಬಂದರೆ ಇಮ್ಯುನೋಥೆರಪಿ (ದೇಹದ ರಕ್ಷಣಾ ಕೋಶಗಳನ್ನು ಎಬ್ಬಿಸುವ ಚಿಕಿತ್ಸೆ) ಬಗ್ಗೆ ಮಾತಾಡಬಹುದು. ಲಿವರ್‌ನಲ್ಲಿರುವ ಗಡ್ಡೆ ಆಪರೇಷನ್ ಮಾಡಿ ತೆಗೆಯುವಂಥದ್ದಾ ಅಂತ ಲಿವರ್ ಸರ್ಜನ್ ಒಬ್ಬರು ನೋಡಲೇಬೇಕು. ಈ ಒಂದು ಭೇಟಿಯಿಂದ ಕೆಲವರ ಹಣೆಬರಹವೇ ಬದಲಾಗುತ್ತೆ.

ಸಹ್ಯಾದ್ರಿ

ಲಿವರ್ ಸರ್ಜನ್ ನೋಡಿಲ್ಲ. ಈ ವಾರವೇ ಕೇಳುತ್ತೇವೆ. ಧನ್ಯವಾದ ಅಣ್ಣ.

ತುಂಗಾ_ಎಂಎಸ್ಸಿ

ಹಿರಿಯರೇ, ನಾನು ಎಂಎಸ್ಸಿ ವಿದ್ಯಾರ್ಥಿನಿ. ಮುಂದೆ ಪಿಹೆಚ್‌ಡಿಗೆ ಇದೇ ವಿಷಯ ತಗೋಬೇಕು ಅಂತ ಆಸೆ. ನಮ್ಮ ಕಡೆಯ ರೋಗಿಗಳ ಹಳೇ ಬ್ಲಾಕ್‌ಗಳಲ್ಲಿ ಮಿರ್-21 ನೋಡಿದರೆ ಹೇಗೆ? ಇಷ್ಟೆಲ್ಲ ಓದಿದ ಮೇಲೆ ಅರ್ಥ ಇದೆಯಾ ಅಂತ ಅನುಮಾನ ಶುರುವಾಗಿದೆ.

ಎಳೆ_ಆರ್‌ಎನ್‌ಎ

ಖಂಡಿತ ಅರ್ಥ ಇದೆ ತಂಗಿ. ಮೇರಿಲ್ಯಾಂಡ್, ಹಾಂಗ್‌ಕಾಂಗ್, ಡೆನ್ಮಾರ್ಕ್, ಚೀನಾ ಅಂತ ಇಷ್ಟು ಹೊತ್ತು ಹೇಳಿದೆವು. ನಮ್ಮ ಜನರ ದೊಡ್ಡ ಅಧ್ಯಯನದ ಹೆಸರು ಒಂದೂ ಬರಲಿಲ್ಲ, ಗಮನಿಸಿದಿರಾ? ನಮ್ಮಲ್ಲಿ ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಈ ಕಾಯಿಲೆ ಕಡಿಮೆ. ಆದರೆ ಆಸ್ಪತ್ರೆಗೆ ಬರುವವರಲ್ಲಿ ಚಿಕ್ಕ ವಯಸ್ಸಿನವರು ಜಾಸ್ತಿ, ಗುದನಾಳದ ಗಡ್ಡೆ ಜಾಸ್ತಿ. ಅಲ್ಲಿನ ಅಂಕಿ ಇಲ್ಲಿ ಹೊಂದುತ್ತೆ ಅಂತ ಸುಮ್ನೆ ಒಪ್ಪಿಕೊಳ್ಳುವ ಹಾಗಿಲ್ಲ.

ಹಳೇ ಪ್ಯಾರಾಫಿನ್ ಬ್ಲಾಕ್‌ನಲ್ಲಿ ಬೇರೆ ಆರ್‌ಎನ್‌ಎ ಚೂರುಚೂರಾಗಿರುತ್ತೆ. ಮೈಕ್ರೋಆರ್‌ಎನ್‌ಎ ಮೊದಲೇ ಚಿಕ್ಕದಾದ್ದರಿಂದ ಚೆನ್ನಾಗಿ ಉಳಿದಿರುತ್ತೆ. ಇದು ನಿಮ್ಮ ಅದೃಷ್ಟ. ರಕ್ತ ತಗೊಳ್ಳುವುದಾದರೆ ಒಂದೆರಡು ಗಂಟೆಯೊಳಗೆ ಪ್ಲಾಸ್ಮಾ ಬೇರೆ ಮಾಡಿ, 414 ನ್ಯಾನೋಮೀಟರ್ ಬೆಳಕಿನಲ್ಲಿ ಕಣ ಒಡೆದಿದೆಯಾ ನೋಡಿ. ಒಡೆದಿದ್ದನ್ನು ಪಕ್ಕಕ್ಕಿಡಿ, ಎಷ್ಟೇ ಬೇಜಾರಾದರೂ.

ಸರಾಸರಿ

ಮತ್ತೆ ಗೆರೆ ಎಲ್ಲಿ ಎಳೆಯುತ್ತೀರಿ ಅನ್ನೋದನ್ನು ಅಳೆಯುವ ಮೊದಲೇ ಬರೆದಿಡಿ. ಎಷ್ಟು ರೋಗಿಗಳು ಬೇಕು ಅಂತ ಮೊದಲು ಲೆಕ್ಕ ಹಾಕೋಣ, ನಾನು ಸಹಾಯ ಮಾಡುತ್ತೇನೆ. ಇಲ್ಲಿ ಲೆಕ್ಕಕ್ಕೆ ಬರೋದು ಬ್ಲಾಕಿನ ಸಂಖ್ಯೆಗಿಂತ ಕಾಯಿಲೆ ಮರಳಿದವರ ಸಂಖ್ಯೆ. 200 ಬ್ಲಾಕ್ ಇದ್ದು 20 ಜನಕ್ಕಷ್ಟೇ ಮರಳಿದ್ದರೆ ಆರು ಮೈಕ್ರೋಆರ್‌ಎನ್‌ಎಗಳ ಪ್ಯಾನೆಲ್ ಕಟ್ಟಲು ಹೋಗಬೇಡಿ. ಮಿರ್-21 ಒಂದನ್ನೇ ಸರಿಯಾಗಿ ನೋಡಿ.

ಗಾಜಿನ_ಸ್ಲೈಡ್

ತಂಗಿ, ಬ್ಲಾಕ್ ಕೇಳುವ ಮೊದಲು ಆಸ್ಪತ್ರೆಯ ಫಾಲೋಅಪ್ ರಿಜಿಸ್ಟರ್ ತೆಗೆದು ನೋಡಿ. ನಮ್ಮಲ್ಲಿ ದೊಡ್ಡ ಕೊರತೆ ಅದೇ. ಆಪರೇಷನ್ ಆಗಿ ಊರಿಗೆ ಹೋದವರು ಆಮೇಲೆ ಏನಾದರು ಅಂತ ಎಷ್ಟೋ ಕಡೆ ದಾಖಲೆಯೇ ಇರಲ್ಲ. ಫೋನ್ ನಂಬರ್ ಬದಲಾಗಿರುತ್ತೆ. ಅದಿಲ್ಲದೆ ಮುನ್ಸೂಚನೆಯ ಅಧ್ಯಯನ ಮಾಡಲು ಆಗಲ್ಲ. ಎಥಿಕ್ಸ್ ಕಮಿಟಿಯ ಒಪ್ಪಿಗೆ ತಗೊಂಡು, ಮನೆಯವರಿಗೆ ಫೋನ್ ಮಾಡಿ ವಿಚಾರಿಸುವ ಕೆಲಸದಿಂದಲೇ ಶುರುಮಾಡಿ.

ಆಮೇಲೆ ಪೆಥಾಲಜಿಸ್ಟ್ ಒಬ್ಬರಿಂದ ಪ್ರತಿ ಸ್ಲೈಡಿನ ಮೇಲೆ ಗಡ್ಡೆಯ ಭಾಗಕ್ಕೆ ಪೆನ್ನಿನಲ್ಲಿ ಗೆರೆ ಹಾಕಿಸಿ. ಕ್ಯಾನ್ಸರ್ ಕೋಶ ಎಷ್ಟು ಪಾಲು, ನಾರಿನ ಭಾಗ ಎಷ್ಟು ಪಾಲು ಅಂತ ಬರೆಸಿಕೊಳ್ಳಿ. ಆ ಗೆರೆಯ ಒಳಗಿಂದ ಮಾತ್ರ ತುಂಡು ತೆಗೆಯಿರಿ. ನಿಮ್ಮ ಕಾಲೇಜಿನಲ್ಲಿ ಯಾರೂ ಬಿಡುವಿಲ್ಲ ಅಂದರೆ ಸ್ಲೈಡ್ ಹಿಡ್ಕೊಂಡು ಧಾರವಾಡಕ್ಕೆ ಬನ್ನಿ, ಗೆರೆ ನಾನು ಹಾಕಿಕೊಡುತ್ತೇನೆ.